ಇಳೈಯತಂಬಿಯ ವರ್ಷದ ಊಟ

ಇಳೈಯತಂಬಿ ತೀರಿಕೊಂಡು ವರ್ಷ ತುಂಬುವ ದಿನದ ಊಟ ಎಲ್ಲಿ ಎಂಬ ವಿಷಯದಲ್ಲಿ ಅವನ ಹೆಂಡತಿ ತವಮಣಿಗೆ ಯಾವತ್ತೂ ಅನುಮಾನ ಬಂದಿರಲಿಲ್ಲ. ಬೆಳಿಗ್ಗೆ ಕೋವಿಲಿನಲ್ಲಿ ಪೂಜೆ, ಮಧ್ಯಾಹ್ನ ಸೆಲ್ವಿಯ ಹೋಟೆಲಿನಲ್ಲಿ ಊಟ. ಬಲ್ಲಾರೊ ಸಂತೆಯ ಹಿಂದಿನ ಗಲ್ಲಿಯಲ್ಲಿದ್ದ ಆ ಹೋಟೆಲಿನ ಬೋರ್ಡಿನ ಮೇಲೆ ಬೇರೆ ಏನೋ ಹೆಸರಿತ್ತು. ಇಟಲಿಯ ಆ ಪಲೆರ್ಮೊ ಊರಿನ ತಮಿಳರು ಯಾರೂ ಅದನ್ನು ಓದುವ ಗೋಜಿಗೆ ಹೋದವರಲ್ಲ. ಸೆಲ್ವಿಯ ಹೋಟೆಲು ಅಂದರೆ ಸಾಕಿತ್ತು. ಏಳು ಮೇಜು, ಗೋಡೆಯ ಮೇಲೆ ನಲ್ಲೂರಿನ ಮುರುಗನ ಪಟ, ಅದರ ಪಕ್ಕದಲ್ಲೇ ಊರು ಕಾಯುವ ಸಂತ ರೊಸಾಲಿಯಾಳ ಪಟ, ಇಬ್ಬರಿಗೂ ಸೇರಿಸಿ ಒಂದೇ ಪ್ಲಾಸ್ಟಿಕ್ ಮಾಲೆ.

ತವಮಣಿ ಮತ್ತು ಸೆಲ್ವಿ ಜಾಫ್ನಾ ಕಡೆಯ ಒಂದೇ ದ್ವೀಪದವರು. ಯುದ್ಧಕ್ಕೆ ಹೆದರಿ ಒಂದೇ ಗುಂಪಿನಲ್ಲಿ ಊರು ಬಿಟ್ಟವರು. ಪಲೆರ್ಮೊಗೆ ಬಂದ ಹೊಸತರಲ್ಲಿ ಎರಡು ಸಂಸಾರಕ್ಕೂ ಇದ್ದದ್ದು ಒಂದೇ ಕೋಣೆ. ನಡುವೆ ಹಳೇ ಸೀರೆಯೊಂದನ್ನು ಇಳಿಬಿಟ್ಟುಕೊಂಡು ಎರಡು ವರ್ಷ ಕಳೆದರು. ಸೆಲ್ವಿಯ ಮಗ ಸೆಂದೂರ ಹುಟ್ಟಿದ್ದು ಆಗಲೇ. ತವಮಣಿಗೆ ಮಕ್ಕಳಿರಲಿಲ್ಲ. ಸೆಲ್ವಿ ಕೆಲಸಕ್ಕೆ ಹೋದಾಗ ಆ ಕೂಸು ಇವಳ ಮಡಿಲಲ್ಲೇ ಬೆಳೆಯಿತು, ಮಾತು ಬಂದಾಗ ಇವಳನ್ನು ದೊಡ್ಡಮ್ಮ ಎಂದು ಕರೆಯಿತು. ಆಮೇಲೆ ಸೆಲ್ವಿ ಮತ್ತು ಅವಳ ಗಂಡ ಪೊನ್ನುದುರೈ ಹೋಟೆಲು ಇಟ್ಟರು. ಇಳೈಯತಂಬಿ ಒಂದು ದೊಡ್ಡ ಕಟ್ಟಡದ ಬಾಗಿಲು ಕಾಯುವ ಕೆಲಸ ಹಿಡಿದ. ತವಮಣಿ ಸಿನ್ಯೋರಾ ಅಗಾತಾ ಎಂಬ ಇಟಾಲಿಯನ್ ಮುದುಕಿಯ ಮನೆಗೆಲಸಕ್ಕೆ ಸೇರಿಕೊಂಡಳು. ಶನಿವಾರ ರಜೆ ಸಿಕ್ಕಿದರೆ ಸೀದಾ ಸೆಲ್ವಿಯ ಅಡುಗೆಮನೆಗೆ ಬರುತ್ತಿದ್ದಳು. ಮೆಣಸಿನಕಾಯಿ ಹುರಿಯುವುದು, ಕೊತ್ತಂಬರಿ ಬೀಜ ಹುರಿಯುವುದು, ತಿಂಗಳ ಪುಡಿ ಮಾಡಿಡುವುದು ಅವಳದೇ ಪಾಲಿನ ಕೆಲಸ. ಯಾರೂ ಅದನ್ನು ಅವಳಿಗೆ ಒಪ್ಪಿಸಿರಲಿಲ್ಲ, ಅವಳಾಗಿ ವಹಿಸಿಕೊಂಡದ್ದು.

ಏಳು ವರ್ಷದ ಹಿಂದೆ ಒಂದು ಮಾತು ನಡೆದಿತ್ತು. ಇವರಿಗೆಲ್ಲ ಇಟಲಿಯ ಪಾಸ್‌ಪೋರ್ಟು ಬಂದ ಮೇಲೆ ಪಲೆರ್ಮೊದ ಅರ್ಧ ತಮಿಳರು ಇಂಗ್ಲೆಂಡಿಗೆ ಹೊರಟರು. ಅಲ್ಲಿ ಕೆಲಸ ಇದೆ, ನಮ್ಮ ಜನ ಇದ್ದಾರೆ, ಮಕ್ಕಳಿಗೆ ಇಂಗ್ಲಿಷು ಬರುತ್ತದೆ. ಲಂಡನ್ ಪಕ್ಕದಲ್ಲಿದ್ದ ತವಮಣಿಯ ತಂಗಿ, ಕೋಣೆ ಖಾಲಿ ಮಾಡಿಟ್ಟಿದ್ದೇನೆ ಬಾ ಎಂದು ಹೇಳಿಕಳಿಸಿದಳು. ಇಳೈಯತಂಬಿಗೂ ಹೋಗುವ ಮನಸ್ಸಿತ್ತು. ಆಗ ಸೆಲ್ವಿ ಒಂದು ಮಧ್ಯಾಹ್ನ ಬಂದು ತವಮಣಿಯ ಮಂಚದ ಮೇಲೆ ಕೂತು ಅತ್ತಳು. ಎಲ್ಲರೂ ಹೋಗ್ತಿದ್ದಾರೆ, ನೀನೂ ಹೋದರೆ ಈ ಊರಲ್ಲಿ ನನ್ನವರು ಅಂತ ಯಾರಿದ್ದಾರೆ, ಹೋಗೋದಾದರೆ ಒಟ್ಟಿಗೆ ಹೋಗೋಣ, ಇರೋದಾದರೆ ಒಟ್ಟಿಗೆ ಇರೋಣ ಅಂದಳು. ತವಮಣಿ ಉಳಿದಳು. ಗಂಡನನ್ನೂ ಒಪ್ಪಿಸಿದಳು. ಆ ತಂಗಿ ಈಗ ಬದುಕಿಲ್ಲ.

ಗಂಡ ಹೋದ ಮೇಲೆ ತವಮಣಿ ಬಾಡಿಗೆ ಮನೆ ಬಿಟ್ಟು ಸಿನ್ಯೋರಾ ಅಗಾತಾಳ ಮನೆಯ ಹಿಂದಿನ ಕೋಣೆಯಲ್ಲೇ ಇರತೊಡಗಿದಳು. ಆಗಸ್ಟಿನಲ್ಲಿ ಮುದುಕಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿತು. ಅಂದಿನಿಂದ ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ. ತವಮಣಿ ಹೋಟೆಲಿನ ಮುಖ ನೋಡಿ ಮೂರು ತಿಂಗಳಾಗಿತ್ತು. ವಾರಕ್ಕೊಮ್ಮೆ ಸೆಲ್ವಿಯೇ ಫೋನು ಮಾಡುತ್ತಿದ್ದಳು. ವರ್ಷದ ಊಟದ ಮಾತು ಬಂದಾಗ, ನೀನು ಒಂದು ಚೂರೂ ತಲೆ ಕೆಡಿಸಿಕೋಬೇಡ, ಬಾವನಿಗೆ ಇಷ್ಟವಾದದ್ದು ಏನೇನು ಅಂತ ನಿನಗಿಂತ ನನಗೇ ಚೆನ್ನಾಗಿ ಗೊತ್ತು, ತಲೆಗೆ ನೀರು ಹಾಕಿಕೊಂಡು ಮಡಿಯಲ್ಲಿ ನಾನೇ ಮಾಡ್ತೀನಿ ಅಂದಿದ್ದಳು. ಬಾಳೆಕಾಯಿ, ಕುಂಬಳಕಾಯಿ, ನುಗ್ಗೆಕಾಯಿ ಹಾಕಿದ ಬೇಳೆ, ತೆಂಗಿನ ಹಾಲಿನ ತೆಳು ಸಾರು, ಕೆಂಪಕ್ಕಿ ಅನ್ನ, ಪಾಯಸ. ಹನ್ನೊಂದು ಜನಕ್ಕೆ.

ಆ ಹನ್ನೊಂದು ಜನರಲ್ಲಿ ತವಮಣಿಗೆ ಬಹಳ ಮುಖ್ಯರಾದವರು ವಿನಾಯಗಮೂರ್ತಿ ಮಾಸ್ತರು. ಎಂಬತ್ತು ದಾಟಿದ ಅವರು ಹಿಂದೆ ಇವರದೇ ದ್ವೀಪದ ಶಾಲೆಯಲ್ಲಿ ಇಳೈಯತಂಬಿಗೆ ಪಾಠ ಹೇಳಿದವರು, ಹುಟ್ಟಿದಾಗಿನಿಂದ ಮೀನು ಮಾಂಸ ಮುಟ್ಟದವರು, ಹೊರಗೆ ಎಲ್ಲೂ ಉಣ್ಣದವರು. ಸೆಲ್ವಿಯೇ ಮಾಡುತ್ತಾಳೆ ಎಂದು ತವಮಣಿ ಮಾತು ಕೊಟ್ಟ ಮೇಲೆ ಒಪ್ಪಿದ್ದರು. ಸಿನ್ಯೋರಾ ಅಗಾತಾಳೂ ಗಾಲಿಕುರ್ಚಿಯಲ್ಲಿ ಬರುತ್ತೇನೆಂದು ಹಟ ಹಿಡಿದಳು. ಇಪ್ಪತ್ತು ವರ್ಷದಿಂದ ತವಮಣಿ ಆ ಹೋಟೆಲನ್ನು ಹೊಗಳಿದ್ದನ್ನು ಕೇಳಿ ಕೇಳಿ ಅವಳಿಗೆ ಒಮ್ಮೆ ನೋಡಲೇಬೇಕು ಅನ್ನಿಸಿತ್ತು.

ಪೂಜೆ ಮುಗಿಸಿ ಎಲ್ಲರೂ ಹೋಟೆಲಿಗೆ ಬಂದಾಗ ಒಂದು ಗಂಟೆ. ಪೊನ್ನುದುರೈ ಬಾಗಿಲಲ್ಲೇ ನಿಂತಿದ್ದ. ಹೊಸ ಅಂಗಿ ಹಾಕಿದ್ದ, ತವಮಣಿಯ ಕೈ ಹಿಡಿದು ಕಣ್ಣು ಒದ್ದೆ ಮಾಡಿಕೊಂಡ. ಸೆಲ್ವಿ ಎಲ್ಲಿ ಎಂದು ಕೇಳಿದ್ದಕ್ಕೆ, ಒಳಗಿದ್ದಾಳೆ ಅಕ್ಕ, ಒಲೆ ಬಿಟ್ಟು ಬರೋ ಹಾಗಿಲ್ಲ, ನೀವು ಕೂತ್ಕೊಳ್ಳಿ ಅಂದ. ತವಮಣಿ ಒಳಗೆ ಹೋಗಲು ಹೊರಟವಳು ಮಾಸ್ತರರಿಗೆ ಕುರ್ಚಿ ಸರಿಸಿಕೊಡಲು ನಿಂತಳು. ಅಷ್ಟರಲ್ಲಿ ಪೊನ್ನುದುರೈ ತಟ್ಟೆಗಳನ್ನು ಹಿಡಿದುಕೊಂಡು ಬಂದೇಬಿಟ್ಟ.

ಮೊದಲು ಕಣ್ಣಿಗೆ ಬಿದ್ದದ್ದು ಅನ್ನ. ಕೆಂಪಕ್ಕಿಯಲ್ಲ, ಬೆಳ್ಳಗೆ ಉದ್ದನೆಯ ಬಾಸ್ಮತಿ, ಮೇಲೆ ಹಳದಿ ಬಣ್ಣದ ಅಗುಳುಗಳು. ಕೆಂಪಕ್ಕಿ ಸಿಕ್ಕಿರಲಿಕ್ಕಿಲ್ಲ ಅಂದುಕೊಂಡಳು ತವಮಣಿ. ಬೇಳೆಯಲ್ಲಿ ನುಗ್ಗೆಕಾಯಿ ಇರಲಿಲ್ಲ, ಮೇಲೆ ಕೆನೆ ಬಿಟ್ಟಿದ್ದರು. ಕುಂಬಳಕಾಯಿ ಸಕ್ಕರೆ ಹಾಕಿದಂತೆ ಸಿಹಿ. ಬಾಳೆಕಾಯಿಯ ಬದಲು ಆಲೂಗಡ್ಡೆ ಇತ್ತು. ಹುರಿದ ಪುಡಿಯ ವಾಸನೆಯೇ ಇಲ್ಲ. ಅಂಗಡಿಯಲ್ಲಿ ಡಬ್ಬದಲ್ಲಿ ಸಿಗುವ ಹಳದಿ ಪುಡಿಯ ವಾಸನೆ ಎಲ್ಲದರಲ್ಲೂ ಒಂದೇ ರೀತಿ ಹೊಡೆಯುತ್ತಿತ್ತು. ಸುತ್ತಲಿನವರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಯಾರೂ ಚೆನ್ನಾಗಿದೆ ಅನ್ನಲಿಲ್ಲ, ಯಾರೂ ಚೆನ್ನಾಗಿಲ್ಲ ಅನ್ನಲಿಲ್ಲ. ಸತ್ತವನ ಹೆಸರಿನ ಊಟಕ್ಕೆ ಯಾರು ತಾನೇ ಹೆಸರಿಡುತ್ತಾರೆ. ಇಳೈಯತಂಬಿಯ ಜೊತೆ ಬಾಗಿಲು ಕಾಯುತ್ತಿದ್ದ ಒಬ್ಬ ಮಾತ್ರ ತನ್ನ ಪಕ್ಕದವನ ಕಡೆ ಒಂದು ಸಲ ನೋಡಿದ. ಆ ನೋಟ ತವಮಣಿಗೆ ಚುಚ್ಚಿತು. ಸಿನ್ಯೋರಾ ಅಗಾತಾ ಎರಡು ಚಮಚ ತಿಂದು, ಬಹಳ ಸೌಮ್ಯವಾಗಿ, "ತವಾ, ನೀನು ಮನೆಯಲ್ಲಿ ಮಾಡೋದೇ ಬೇರೆ ಥರ ಇರುತ್ತಲ್ಲ" ಅಂದಳು.

ಸೆಲ್ವಿಗೆ ಮೈ ಸರಿಯಿಲ್ಲವೇನೋ ಎಂದೇ ತವಮಣಿ ಆಗಲೂ ಯೋಚಿಸುತ್ತಿದ್ದಳು. ಜ್ವರದಲ್ಲಿ ನಿಂತು ಮಾಡಿರಬೇಕು, ಕೈ ತಪ್ಪಿರಬೇಕು. ಪಾಪ ಅನ್ನಿಸಿತು ಕೂಡ. ತಟ್ಟೆಯ ಅಂಚಿನಲ್ಲಿ ಕೆಂಪಗೆ ತೆಂಗಿನಕಾಯಿ ಚಟ್ನಿ ಇತ್ತು. ಅದನ್ನು ಒಂದಿಷ್ಟು ಅನ್ನಕ್ಕೆ ಕಲಸಿ ಬಾಯಿಗಿಟ್ಟಳು. ನಾಲಿಗೆಗೆ ಗಟ್ಟಿಯಾದ ಚೂರೊಂದು ಸಿಕ್ಕಿತು. ಕಚ್ಚಿದಳು. ದ್ವೀಪದಲ್ಲಿ ಹುಟ್ಟಿದವಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಣಮೀನು.

ಅವಳು ಮಾಸ್ತರರ ತಟ್ಟೆ ನೋಡಿದಳು. ಅವರು ಆ ಚಟ್ನಿಯನ್ನೇ ಪೂರ್ತಿ ಕಲಸಿಕೊಂಡಿದ್ದರು. ಬೇರೆ ಯಾವುದೂ ಸೇರದೆ ಅದೊಂದೇ ರುಚಿಸಿತ್ತೋ ಏನೋ, ತಟ್ಟೆಯ ಅಂಚು ಖಾಲಿಯಾಗಿತ್ತು.

ತವಮಣಿ ಎದ್ದಳು. ಎಲ್ಲರಿಗೂ ಒಂದು ನಿಮಿಷ ಕೈ ತಡೆಯಿರಿ ಎಂದು ಹೇಳಿ ಅಡುಗೆಮನೆಯ ಬಾಗಿಲು ತಳ್ಳಿದಳು. ಒಳಗೆ ಸೆಲ್ವಿ ಇರಲಿಲ್ಲ. ಐವತ್ತರ ಆಸುಪಾಸಿನ ಗಡ್ಡದ ಮನುಷ್ಯನೊಬ್ಬ ಪಾಯಸವನ್ನು ಬಟ್ಟಲುಗಳಿಗೆ ಸುರಿಯುತ್ತಿದ್ದ. ಅವನು ಇವಳ ಬಿಳಿ ಸೀರೆ ನೋಡಿ ಸೌಟು ಕೆಳಗಿಟ್ಟ. ಹೆಸರು ಮೊತಾಲೆಬ್, ಢಾಕಾ ಕಡೆಯವನು ಎಂದು ಆಮೇಲೆ ಗೊತ್ತಾಯಿತು. ಇಬ್ಬರಿಗೂ ಅರ್ಥವಾಗುತ್ತಿದ್ದದ್ದು ಇಟಾಲಿಯನ್ ಭಾಷೆಯೊಂದೇ.

"ಸೆಲ್ವಿ ಎಲ್ಲಿ?"

"ಅವರು ಇಂಗ್ಲೆಂಡಲ್ಲಿದ್ದಾರಲ್ಲ, ಅಕ್ಕ. ಎರಡು ತಿಂಗಳಾಯ್ತು."

ಪಕ್ಕದ ಕಲ್ಲಿನ ಮೇಲೆ ಚಟ್ನಿಯ ಬಾಟಲಿ ಇತ್ತು, ಅಂಗಡಿಯಿಂದ ತಂದದ್ದು. ತವಮಣಿ ಅದನ್ನು ಎತ್ತಿ ಹಿಂದಿನ ಚೀಟಿ ಓದಿದಳು. ಮೀನೆಂದು ಸ್ಪಷ್ಟವಾಗಿಯೇ ಬರೆದಿತ್ತು. ಇದನ್ನು ಯಾಕೆ ಬಡಿಸಿದೆ ಎಂದು ಕೇಳಿದಳು. ಅವನಿಗೆ ಗಾಬರಿಯಾಯಿತು. ಹನ್ನೊಂದು ಜನಕ್ಕೆ ತರಕಾರಿ ಊಟ ಅಂತ ಮಾಲೀಕರು ಹೇಳಿದ್ದರಂತೆ, ಚಟ್ನಿ ಅವರೇ ತಂದುಕೊಟ್ಟದ್ದಂತೆ. ಸತ್ತವರ ಊಟ ಅಂತ ಯಾರೂ ಹೇಳಲೇ ಇಲ್ಲ, ಹೇಳಿದ್ದರೆ ನಾನು ಕೇಳದೆ ಒಲೆ ಹಚ್ಚುತ್ತಿರಲಿಲ್ಲ, ನಮ್ಮಲ್ಲೂ ಅಂಥ ದಿನ ಅಂದರೆ ದೊಡ್ಡದು ಅಂದ. ತವಮಣಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಎರಡು ತಿಂಗಳು ಎಂಬ ಮಾತೇ ಕಿವಿಯಲ್ಲಿ ಸುತ್ತುತ್ತಿತ್ತು. ಮೂರು ವಾರದ ಹಿಂದೆ ಸೆಲ್ವಿ ಫೋನಿನಲ್ಲಿ, ಬೆಳಿಗ್ಗೆಯಿಂದ ಒಂದೇ ಸಮ ಮಳೆ ಅಕ್ಕ, ಗಿರಾಕಿಗಳೇ ಇಲ್ಲ ಅಂದಿದ್ದಳು. ಆವತ್ತು ತವಮಣಿ ತಾರಸಿಯ ಮೇಲೆ ಸುಡುವ ಬಿಸಿಲಲ್ಲಿ ಮುದುಕಿಯ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದಳು. ಊರಿನ ಆ ಕಡೆ ಮಳೆ ಇರಬಹುದು ಅಂದುಕೊಂಡು ಸುಮ್ಮನಾಗಿದ್ದಳು.

ಅವಳು ಹೊರಗೆ ಬರುವಷ್ಟರಲ್ಲಿ ಪೊನ್ನುದುರೈ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ.

"ಒಳಗಿದ್ದಾಳೆ ಅಂದ್ಯಲ್ಲ" ಅಂದಳು ತವಮಣಿ.

"ಅಕ್ಕ, ಆಮೇಲೆ ಹೇಳ್ತೀನಿ. ಜನ ಕೂತಿದ್ದಾರೆ."

"ಈಗ್ಲೇ ಹೇಳು."

ಅವನು ಹೇಳಿದ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಸೆಂದೂರನಿಗೆ ಹೆಣ್ಣುಮಗು ಹುಟ್ಟಿದೆ, ಸೆಪ್ಟೆಂಬರಿನಲ್ಲಿ. ಬಾಣಂತನಕ್ಕೆಂದು ಸೆಲ್ವಿ ಹೋದಳು. ಆದರೆ ವಾಪಸು ಬರುವುದಕ್ಕಲ್ಲ. ಬರುವ ವರ್ಷ ಇಟಲಿ ಪಾಸ್‌ಪೋರ್ಟಿನವರಿಗೆ ಇಂಗ್ಲೆಂಡಿನ ಬಾಗಿಲು ಮುಚ್ಚುತ್ತದೆ, ಅಷ್ಟರೊಳಗೆ ಅಲ್ಲಿ ನೆಲೆಯಾಗಬೇಕು. ಹೋಟೆಲು ಮಾರಿಯಾಗಿದೆ. ಡಿಸೆಂಬರ್ ಒಂದನೇ ತಾರೀಕಿನಿಂದ ಬೇರೆಯವರದು, ತಾನೂ ಹೊರಡುತ್ತಾನೆ. ತವಮಣಿಗೆ ಮಗುವಿನ ಸುದ್ದಿಯೇ ಗೊತ್ತಿರಲಿಲ್ಲ. ಸೆಂದೂರ ದೀಪಾವಳಿಗೆ ಫೋನು ಮಾಡಿ ಐದು ನಿಮಿಷ ಮಾತಾಡಿದ್ದ. ದೊಡ್ಡಮ್ಮ, ಕಾಲುನೋವು ಹೇಗಿದೆ ಎಂದು ಕೇಳಿದ್ದ. ಮಗುವಿನ ಮಾತೇ ಎತ್ತಿರಲಿಲ್ಲ.

"ನಾನೇನು ಅಡ್ಡ ಬರ್ತಿದ್ನಾ? ಯಾಕೆ ಮುಚ್ಚಿಟ್ರಿ?"

ಪೊನ್ನುದುರೈ ನೆಲ ನೋಡಿದ. "ಅವಳಿಗೆ ನಿಮ್ಮ ಮುಖ ನೋಡಿ ಹೇಳೋ ಧೈರ್ಯ ಬರ್ಲಿಲ್ಲ. ಅವತ್ತು ನಿಮ್ಮನ್ನ ತಡೆದವಳು ಅವಳೇ ತಾನೇ. ಆಗ ಹೋಟೆಲು ಕಷ್ಟದಲ್ಲಿತ್ತು ಅಕ್ಕ, ಶನಿವಾರ ನೀವಿಲ್ದೆ ನಡೀತಿರ್ಲಿಲ್ಲ. ಸೆಂದೂರ ಓದು ಮುಗಿಸಿ ಅಲ್ಲಿ ಕೆಲಸ ಹಿಡಿದ ಮೇಲೆ ಹೋಗೋದು ಅಂತ ಆಗ್ಲೇ ಮಾತಾಡಿಕೊಂಡಿದ್ವಿ."

ಆಗ್ಲೇ ಎಂದರೆ ಏಳು ವರ್ಷದ ಹಿಂದೆ. ಮಂಚದ ಮೇಲೆ ಕೂತು ಅತ್ತ ದಿನ. ಹೇಳಿಬಿಟ್ಟ ಮೇಲೆ ಪೊನ್ನುದುರೈಗೆ ತಾನೇನು ಹೇಳಿದೆ ಎಂದು ಹೊಳೆಯಿತು.

ತವಮಣಿ ಮೇಜಿನ ಹತ್ತಿರ ಬಂದು ನಿಜವನ್ನೇ ಹೇಳಿದಳು. ಚಟ್ನಿಯಲ್ಲಿ ಒಣಮೀನಿದೆ, ಸೆಲ್ವಿ ಊರಲ್ಲಿಲ್ಲ, ನಾನು ವಿಚಾರಿಸದೆ ನಿಮ್ಮನ್ನೆಲ್ಲ ಕರೆತಂದೆ, ತಪ್ಪು ನನ್ನದು ಅಂದಳು. ಮಾಸ್ತರರು ತಮ್ಮ ಕೈಯನ್ನೇ ಒಂದು ಗಳಿಗೆ ನೋಡಿದರು. ಎದ್ದು ಹೋಗಿ ಕೈ ತೊಳೆದರು, ಬಾಯಿ ಮುಕ್ಕಳಿಸಿದರು. ಮತ್ತೆ ಮುಕ್ಕಳಿಸಿದರು. ವಾಪಸು ಬಂದು, "ನೀನು ಬೇಕು ಅಂತ ಮಾಡಿದ್ದಲ್ಲ ಮಗು. ತಂಬಿಯ ಊಟ ಇನ್ನೂ ಆಗಿಲ್ಲ ಅಂತ ತಿಳ್ಕೊಳ್ಳೋಣ" ಅಂದರು.

ಅದನ್ನು ಕೇಳಿ ತವಮಣಿಗೆ ಏನು ಮಾಡಬೇಕೆಂದು ತಿಳಿಯಿತು. ಸಿನ್ಯೋರಾ ಅಗಾತಾಳ ಕಿವಿಯ ಬಳಿ ಬಗ್ಗಿ, ಇವರನ್ನೆಲ್ಲ ಮನೆಗೆ ಕರೆದುಕೊಂಡು ಹೋಗಲೇ ಎಂದು ಕೇಳಿದಳು. ಇಪ್ಪತ್ತು ವರ್ಷದಲ್ಲಿ ಅವಳು ತನ್ನ ಕಡೆಯ ಯಾರನ್ನೂ ಆ ಮನೆಯ ಮುಂಬಾಗಿಲಿನಿಂದ ಒಳಗೆ ಕರೆದಿರಲಿಲ್ಲ. ಮುದುಕಿ ಮೊದಲು ಏನಾಯಿತೆಂದು ಪೂರ್ತಿ ಕೇಳಿಸಿಕೊಂಡಿತು. ಆಮೇಲೆ ಪೊನ್ನುದುರೈ ಕಡೆ ಒಂದು ಕೆಟ್ಟ ನೋಟ ಬೀರಿ, ನನ್ನ ಕುರ್ಚಿ ತಳ್ಳು, ಮಾತು ಆಮೇಲೆ ಅಂದಿತು.

ದಾರಿಯಲ್ಲಿ ಸಂತೆಯಲ್ಲಿ ಸಿಕ್ಕಿದ್ದನ್ನು ಕೊಂಡರು. ಕುಂಬಳಕಾಯಿ ಸಿಕ್ಕಿತು, ಬಾಳೆಕಾಯಿ ಸಿಕ್ಕಲಿಲ್ಲ. ಕೋವಿಲಿನ ಇಬ್ಬರು ಹೆಂಗಸರು ಸೆರಗು ಸಿಕ್ಕಿಸಿಕೊಂಡು ಸಿನ್ಯೋರಾಳ ಊಟದ ಮೇಜಿನ ಮೇಲೆಯೇ ತರಕಾರಿ ಹೆಚ್ಚಿದರು. ಪಾಸ್ತಾ ಬೇಯಿಸುವ ದೊಡ್ಡ ಪಾತ್ರೆಯಲ್ಲಿ ಅನ್ನ ಬೆಂದಿತು. ತವಮಣಿ ತನ್ನ ಕೋಣೆಯಿಂದ ಪುಡಿಯ ಡಬ್ಬಿ ತಂದಳು, ಬೇಳೆಗೆ ಒಗ್ಗರಣೆ ಹಾಕಿದಳು. ಇಷ್ಟಾಗುವುದರೊಳಗೆ ಮಾಸ್ತರರು ಮನೆಗೆ ಹೋಗಿ ಸ್ನಾನ ಮಾಡಿ, ಒದ್ದೆ ತಲೆಯಲ್ಲಿ, ಹಣೆ ತುಂಬ ಹೊಸದಾಗಿ ವಿಭೂತಿ ಬಳಿದುಕೊಂಡು ವಾಪಸು ಬಂದರು. ಮೊದಲ ತುತ್ತನ್ನು ತಾರಸಿಯ ಕಟ್ಟೆಯ ಮೇಲಿಟ್ಟರು. ಕಾಗೆ ಬರಲಿಲ್ಲ, ಕಡಲ ಕಡೆಯಿಂದ ದೊಡ್ಡ ಬಿಳಿ ಹಕ್ಕಿಯೊಂದು ಇಳಿದು ಒಂದೇ ಬಾಯಿಗೆ ನುಂಗಿ ಹೋಯಿತು. ತಂಬಿ ಯಾವಾಗಲೂ ಹೀಗೇ ಅವಸರದಲ್ಲಿ ಉಣ್ಣುತ್ತಿದ್ದ ಎಂದು ಅವನ ಜೊತೆಗಾರ ಅಂದದ್ದಕ್ಕೆ ಎಲ್ಲರೂ ನಕ್ಕರು. ತವಮಣಿಯೂ ನಕ್ಕಳು, ಆ ನಗುವಿನಲ್ಲೇ ಅಳು ಬಂತು. ನಾಲ್ಕು ಗಂಟೆಗೆ ಊಟವಾಯಿತು. ಬರೀ ಅನ್ನ, ಬೇಳೆ, ಕುಂಬಳಕಾಯಿ. ಮಾಸ್ತರರು ಎರಡನೇ ಸಲ ಹಾಕಿಸಿಕೊಂಡರು.

ಎಲ್ಲರೂ ಹೋದ ಮೇಲೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ಸೆಲ್ವಿಯ ಫೋನು ಬಂತು. ಪೊನ್ನುದುರೈ ಎಲ್ಲವನ್ನೂ ಹೇಳಿರಬೇಕು, ಅವಳು ಆಗಲೇ ಅಳುತ್ತಿದ್ದಳು.

"ಅಕ್ಕ, ನಾನು ಈ ದಿನಕ್ಕೆ ಬರಬೇಕು ಅಂತಲೇ ಇದ್ದೆ. ದೇವರಾಣೆ. ಮಗೂಗೆ ಹುಷಾರಿರ್ಲಿಲ್ಲ."

"ಟಿಕೆಟ್ ತಗೊಂಡಿದ್ಯಾ?"

ಆ ಕಡೆ ಹಿಂದೆ ಎಲ್ಲೋ ಕೂಸೊಂದು ಕುಂಯ್‌ಗುಡುವುದು ಕೇಳಿಸಿತು. ತವಮಣಿಯ ಕೈ ನೀರಿನಲ್ಲೇ ನಿಂತಿತು.

"ಹೇಳಿದ್ರೆ ನನಗೆ ಹೊರಡೋಕೆ ಆಗ್ತಿರ್ಲಿಲ್ಲ ಅಕ್ಕ. ನಿನ್ನ ನೋಡಿದ್ರೆ ಕಾಲೇ ಏಳ್ತಿರ್ಲಿಲ್ಲ."

"ನನಗೂ ಅವತ್ತು ಹಾಗೇ ಆಗಿತ್ತು ಸೆಲ್ವಿ. ನನ್ನ ಕಾಲು ಏಳ್ಲಿಲ್ಲ. ನಿನ್ನದು ಎದ್ದಿತು." ನಲ್ಲಿ ನಿಲ್ಲಿಸಿ ಮತ್ತೆ ಅಂದಳು, "ನೀನು ಹೋದದ್ದಕ್ಕೆ ಅಲ್ಲ ಕಣೆ. ಮೊಮ್ಮಗು ಹುಟ್ಟಿದ್ರೆ ಯಾರಾದ್ರೂ ಹೋಗ್ತಾರೆ. ಅವತ್ತೇ ಹೋಗೋದು ಅಂತ ಇಟ್ಟುಕೊಂಡು ನನ್ನ ಹತ್ರ ಬಂದು ಅತ್ತೆಯಲ್ಲ. ಅಲ್ಲಿ ಕೂತ್ಕೊಂಡು ಪಲೆರ್ಮೊದಲ್ಲಿ ಮಳೆ ಅಂದೆಯಲ್ಲ. ಅವರ ದಿನವನ್ನ ಇನ್ಯಾರದೋ ಕೈಗೆ ಕೊಟ್ಟು, ನಾನೇ ಮಾಡ್ತೀನಿ ಅಂದೆಯಲ್ಲ."

ಸೆಲ್ವಿ ಏನೇನೋ ಹೇಳತೊಡಗಿದಳು. ತವಮಣಿ ಫೋನು ಇಟ್ಟಳು.

ಡಿಸೆಂಬರಿನಲ್ಲಿ ಹೋಟೆಲಿನ ಬೋರ್ಡು ಬದಲಾಯಿತು. ಪೊನ್ನುದುರೈ ಹೊರಡುವ ಮೊದಲು ಒಮ್ಮೆ ಬಂದು ಕೆಳಗಿನ ಬಾಗಿಲ ಗಂಟೆ ಒತ್ತಿದ. ಸಿನ್ಯೋರಾ ಅಗಾತಾ ತಾನೇ ಉತ್ತರ ಕೊಟ್ಟು, ತವಾ ಮನೆಯಲ್ಲಿಲ್ಲ ಎಂದು ಸುಳ್ಳು ಹೇಳಿ ಕಳಿಸಿದಳು. ಮೊತಾಲೆಬ್ ಮಾತ್ರ ಸಂತೆಯಲ್ಲಿ ಆಗಾಗ ಸಿಗುತ್ತಾನೆ, ನಿಂತು ಕ್ಷೇಮ ವಿಚಾರಿಸುತ್ತಾನೆ. ಒಂದು ಸಲ, ಬಾಳೆಕಾಯಿ ಬಂದಿದೆ ಅಕ್ಕ, ಆ ಮೂಲೆ ಅಂಗಡಿಯಲ್ಲಿ ಎಂದು ತೋರಿಸಿಕೊಟ್ಟ.

ಹೊಸ ವರ್ಷ ಕಳೆದ ಮೇಲೆ ಸೆಂದೂರ ಮಗುವಿನ ಫೋಟೋ ಕಳಿಸಿದ, ಕೆಳಗೆ ಅದರ ಹೆಸರು ಬರೆದು, ಕ್ಷಮಿಸು ದೊಡ್ಡಮ್ಮ ಎಂದು ಸೇರಿಸಿದ್ದ. ಸೀರೆಯ ಮರೆಯಲ್ಲಿ ಮಲಗಿಸಿ ತಾನು ತಟ್ಟಿದ ಕೂಸಿನದೇ ಹಣೆ, ಅದೇ ಕಿವಿ. ತವಮಣಿ ಫೋಟೋವನ್ನು ಬಹಳ ಹೊತ್ತು ನೋಡಿದಳು. ಮರುದಿನ ಅಕ್ಕಸಾಲಿಗನ ಹತ್ತಿರ ಹೋಗಿ ಗೆಜ್ಜೆಯಿಲ್ಲದ ಸಣ್ಣ ಬೆಳ್ಳಿ ಕಾಲ್ಗಡಗ ಒಂದು ಜೊತೆ ಕೊಂಡಳು. ಪೊಟ್ಟಣದ ಮೇಲೆ ಮಗುವಿನ ಹೆಸರನ್ನೇ ಬರೆದಳು. ಒಳಗೆ ಚೀಟಿ ಇಡಲಿಲ್ಲ.

ಅದು ತಲುಪಿದ ದಿನ ಸೆಲ್ವಿ ಮೂರು ಸಲ ಫೋನು ಮಾಡಿದಳು. ತವಮಣಿ ಆಗ ಮುದುಕಿಯನ್ನು ಕೋಲು ಹಿಡಿಸಿ ಹಜಾರದಲ್ಲಿ ನಡೆಸುತ್ತಿದ್ದಳು. ಫೋನು ಅಡುಗೆಮನೆಯಲ್ಲಿ ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ತೆಗೆಯುವುದಿಲ್ಲವೇ ಎಂದು ಮುದುಕಿ ಕೇಳಿದ್ದಕ್ಕೆ, ಇನ್ನೊಂದು ಸುತ್ತು ನಡೀರಿ ಸಿನ್ಯೋರಾ ಎಂದು ಅವಳ ತೋಳು ಹಿಡಿದು ಕಿಟಕಿಯ ಕಡೆ ತಿರುಗಿಸಿದಳು.